ಹದಿನೆಂಟು ತುಂಬಿದ ಮೇಲೆ



ಡಿಸೆಂಬರ್ 3 ಸಂತ ಫ್ರಾನ್ಸಿಸ್ ಝೇವಿಯರ್‌ರವರ ಹಬ್ಬ. 1552ರಲ್ಲಿ ಚೀನಾದ ಕರಾವಳಿಯ ದ್ವೀಪವೊಂದರಲ್ಲಿ ಅವರು ಪ್ರಾಣ ಬಿಟ್ಟ ದಿನವದು. ನಮ್ಮ ಬೆಂಗಳೂರು ಮಹಾಧರ್ಮಕ್ಷೇತ್ರದ ಪ್ರಧಾನಾಲಯಕ್ಕೆ ಅವರದೇ ಹೆಸರು. ವಿಶ್ವಸಂಸ್ಥೆಯು 1992ರಲ್ಲಿ ಇದೇ ದಿನವನ್ನು ವಿಕಲಚೇತನರ ಅಂತಾರಾಷ್ಟ್ರೀಯ ದಿನವೆಂದು ಸಾರಿತು. ಈ ಹಬ್ಬದಂದು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಮನೆಗಳಲ್ಲಿ ಬೆಳೆದು ದೊಡ್ಡವರಾಗುತ್ತಿರುವ ವಿಕಲಚೇತನ ಮಕ್ಕಳನ್ನು ನೆನೆಯೋಣ.

ಸಂತ ಯೊವಾನ್ನರ ಶುಭಸಂದೇಶದ 9ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಹುಟ್ಟುಕುರುಡನೊಬ್ಬನಿಗೆ ದೃಷ್ಟಿ ನೀಡುತ್ತಾರೆ. ಊರಿನ ಪ್ರಮುಖರು ಅವನ ತಂದೆತಾಯಿಯನ್ನು ಕರೆಸಿ ವಿಚಾರಿಸುತ್ತಾರೆ. ಮಗ ಪ್ರಾಯಕ್ಕೆ ಬಂದಿದ್ದಾನೆ, ಅವನನ್ನೇ ವಿಚಾರಿಸಿಕೊಳ್ಳಿ ಎಂದು ಅವರು ಜಾರಿಕೊಳ್ಳುತ್ತಾರೆ. ಅಂಜಿ ಆಡಿದ ಮಾತಾದರೂ ಅದರಲ್ಲಿ ಸತ್ಯವಿತ್ತು. ಅಲ್ಲಿಯವರೆಗೆ ಭಿಕ್ಷೆ ಬೇಡುತ್ತಿದ್ದವನು ಅಂದು ಎಲ್ಲರೆದುರು ನಿಂತು ತನ್ನ ಸಾಕ್ಷಿಯನ್ನು ತಾನೇ ನುಡಿದ.

ವಿಕಲಚೇತನರ ಮಾತಿಗೆ ಬೆಲೆ ಬರಲು ನಮ್ಮ ನಾಡಿನಲ್ಲಿ ಬಹುಕಾಲ ಹಿಡಿಯಿತು. ಮೊದಮೊದಲು ಅವರ ಸೇವೆಯೆಂದರೆ ಆಶ್ರಮ ಅಥವಾ ವಸತಿ ಶಾಲೆ ಎಂದೇ ಭಾವನೆಯಿತ್ತು. 1959ರಲ್ಲಿ, ಸ್ವತಃ ಪೋಲಿಯೊಗೆ ತುತ್ತಾಗಿದ್ದ ಎನ್.ಎಸ್. ಹೇಮಾರವರು ಬೆಂಗಳೂರಿನಲ್ಲಿ ಅಂಗವಿಕಲರಿಗಾಗಿ ಸಂಸ್ಥೆಯೊಂದನ್ನು ಕಟ್ಟಿದರು. ಯುವಕ ಯುವತಿಯರು ಅಲ್ಲಿ ಕಸುಬು ಕಲಿತು ದುಡಿಮೆಗೆ ಇಳಿದರು. ಮಹಾಧರ್ಮಾಧ್ಯಕ್ಷ ಆರೋಗ್ಯಸ್ವಾಮಿಯವರ ಕಾಲದಲ್ಲಿ, 1970ರ ದಶಕದ ಕೊನೆಗೆ, ಮಾಗಡಿ ರಸ್ತೆಯಲ್ಲಿ ಸುಮನಹಳ್ಳಿ ಆರಂಭವಾಯಿತು. ಕುಷ್ಠರೋಗದಿಂದ ನೊಂದವರಿಗೆ ಅಲ್ಲಿ ಔಷಧದ ಜೊತೆಗೆ ಕಸುಬೂ ದೊರಕಿತು. ಆದರೆ ಹಳ್ಳಿಯ ಎಲ್ಲ ಮಕ್ಕಳೂ ಬೆಂಗಳೂರಿಗೆ ಹೋಗಲಾದೀತೇ?

ವಿಕಲಚೇತನ ಮಕ್ಕಳ ತಾಯಂದಿರನ್ನು ಕಾಡುವ ಪ್ರಶ್ನೆ ಒಂದೇ: ನಮ್ಮ ಕಾಲದ ನಂತರ ಇವನಿಗೆ ಯಾರು ದಿಕ್ಕು? ಮಗನಿಗೆ 18 ತುಂಬಿದರೆ ಕಾನೂನಿನ ಪ್ರಕಾರ ಹೆತ್ತವರ ಪೋಷಕತ್ವ ಮುಗಿಯುತ್ತದೆ. ಈ ಸಂಕಟಕ್ಕೆ 1999ರ ರಾಷ್ಟ್ರೀಯ ನ್ಯಾಸ ಕಾಯಿದೆ ಒಂದು ದಾರಿ ತೋರಿತು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಅಥವಾ ಬಹುವಿಧ ಅಂಗವೈಕಲ್ಯ ಇರುವವರಿಗೆ 18ರ ನಂತರವೂ ಪೋಷಕರನ್ನು ನೇಮಿಸಲು ಅದರಲ್ಲಿ ಅವಕಾಶವಿದೆ. ನೇಮಿಸುವುದು ಸ್ಥಳೀಯ ಮಟ್ಟದ ಸಮಿತಿ. ಅದರಲ್ಲಿ ಜಿಲ್ಲಾಧಿಕಾರಿ, ನೋಂದಾಯಿತ ಸಂಸ್ಥೆಯ ಪ್ರತಿನಿಧಿ, ವಿಕಲಚೇತನರೊಬ್ಬರು, ಮೂವರೂ ಕೂಡಿ ಕೂರಬೇಕು.

2007ರ ಆಗಸ್ಟ್ 23ರಂದು ಈ ನಾಲ್ಕು ತಾಲ್ಲೂಕುಗಳು ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ರಾಮನಗರ ಜಿಲ್ಲೆಯಾದವು. 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂತು. ಜಿಲ್ಲೆ ಹುಟ್ಟಿದ ಹೊತ್ತಿಗೇ ರಾಜ್ಯದಲ್ಲಿ ಗ್ರಾಮೀಣ ಪುನರ್ವಸತಿ ಯೋಜನೆಯೂ ಬಂತು. ಅದರಂತೆ ಗ್ರಾಮ ಪಂಚಾಯಿತಿಗೊಬ್ಬರು ಪುನರ್ವಸತಿ ಕಾರ್ಯಕರ್ತರು, ಅವರೂ ವಿಕಲಚೇತನರೇ. ನೆರವು ಬೇಡುವವರೆಂದು ಊರು ಎಣಿಸಿದ್ದವರೇ ಗೌರವಧನ ಪಡೆದು ಮನೆಮನೆಗೆ ನಡೆದು, ಪಿಂಚಣಿ, ಗುರುತಿನ ಚೀಟಿ, ತ್ರಿಚಕ್ರ ವಾಹನದ ಅರ್ಜಿಗಳಿಗೆ ದಾರಿ ತೋರುವವರಾದರು.

2016ರ ವಿಕಲಚೇತನರ ಹಕ್ಕುಗಳ ಕಾಯಿದೆ 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಕಾನೂನು ಗುರುತಿಸುವ ಅಂಗವೈಕಲ್ಯಗಳು 7ರಿಂದ 21ಕ್ಕೆ ಏರಿದವು. ಸರ್ಕಾರಿ ನೌಕರಿಯ ಮೀಸಲು ಶೇಕಡ 3ರಿಂದ 4 ಆಯಿತು. ಪೋಷಕರು ಆ ವ್ಯಕ್ತಿಯೊಡನೆ ಸಮಾಲೋಚಿಸಿಯೇ ತೀರ್ಮಾನಿಸಬೇಕೆಂದು ಈ ಕಾಯಿದೆ ಹೇಳುತ್ತದೆ. ಅವನನ್ನೇ ಕೇಳಬೇಕೆಂಬ ಶುಭಸಂದೇಶದ ಮಾತು ಹೀಗೆ ಕಾನೂನಿಗೂ ಬಂತು.

ಆದರೆ ಇದೇ ಕಾಯಿದೆ ಉಚಿತ ಶಿಕ್ಷಣದ ಹಕ್ಕು ನೀಡುವುದು 6ರಿಂದ 18ರವರೆಗೆ. ಶಾಲೆ ಮುಗಿದ ಮರುದಿನ ಮಗ ಜಗಲಿಯ ಮೇಲೆ ಸುಮ್ಮನೆ ಕುಳಿತುಬಿಟ್ಟರೆ, ಕಲಿತದ್ದೂ ಮರೆಯುತ್ತದೆ. ಆ ಮರುದಿನವನ್ನು ತುಂಬಬೇಕಾದವರು ಊರಿನವರು. ರಾಮನಗರದಲ್ಲಿ ರೇಷ್ಮೆ ಗೂಡಿನ ಮಾರುಕಟ್ಟೆಯಿದೆ. ಚನ್ನಪಟ್ಟಣದಲ್ಲಿ ಆಲೆ ಮರವನ್ನು ಕಡೆದು ಅರಗಿನ ಬಣ್ಣ ಹಚ್ಚುವ ಗೊಂಬೆ ಕಸುಬಿದೆ. ಕನಕಪುರ, ಮಾಗಡಿಗಳಲ್ಲಿ ಹಸು, ಹಿಪ್ಪುನೇರಳೆ, ತರಕಾರಿ ತೋಟಗಳಿವೆ. ಗೂಡು ಬಿಡಿಸಲು, ಗೊಂಬೆ ಜೋಡಿಸಲು, ಹಾಲು ಅಳೆಯಲು ಇಂಥ ಮಕ್ಕಳನ್ನೂ ಕರೆಯಬಾರದೇ? ಧರ್ಮಕೇಂದ್ರದ ಯುವಜನರು ಅವರ ಗೆಳೆಯರಾಗಲಿ. ಗಾಯನ ವೃಂದದಲ್ಲೂ, ಪೀಠಸೇವೆಯಲ್ಲೂ ಅವರಿಗೆ ಸ್ಥಳವಿರಲಿ. 18 ತುಂಬುವ ಮೊದಲೇ ಪುನರ್ವಸತಿ ಕಾರ್ಯಕರ್ತರನ್ನು ಕಂಡು ಕಾಗದಪತ್ರ ಮಾಡಿಸಿಕೊಳ್ಳುವಂತೆ ತಂದೆತಾಯಿಗೆ ನೆನಪಿಸೋಣ.

ಕಫೆರ್ನವುಮ್ ಊರಿನಲ್ಲಿ ಪಾರ್ಶ್ವವಾಯು ರೋಗಿಯನ್ನು ನಾಲ್ವರು ಹೊತ್ತು ತಂದರು. ಬಾಗಿಲಲ್ಲಿ ಜನ ಕಿಕ್ಕಿರಿದಿದ್ದರಿಂದ ಮಾಳಿಗೆ ತೆಗೆದು ಒಳಗಿಳಿಸಿದರು. ಯೇಸುಸ್ವಾಮಿ ಅವರ ವಿಶ್ವಾಸವನ್ನು ಕಂಡರೆಂದು ಸಂತ ಮಾರ್ಕರು ಬರೆಯುತ್ತಾರೆ. ಒಬ್ಬನೇ ಹೊತ್ತಿದ್ದರೆ ಬಾಗಿಲವರೆಗೂ ಬರಲಾಗುತ್ತಿರಲಿಲ್ಲ. ಮನೆ, ಶಾಲೆ, ಪಂಚಾಯಿತಿ, ಧರ್ಮಸಭೆ, ಈ ನಾಲ್ವರೂ ಹೆಗಲು ಕೊಟ್ಟರೆ ಆ ತಾಯಿಯ ಪ್ರಶ್ನೆಗೆ ಉತ್ತರ ಸಿಕ್ಕೀತು. ನಮ್ಮ ಮಕ್ಕಳೆಲ್ಲರೂ ಎದ್ದು ನಡೆಯಲಾರರು. ಆದರೆ ಯಾವ ಕಡೆ ಹೋಗಬೇಕೆಂದು ಅವರೇ ಹೇಳಲಿ, ನಾವು ಕೇಳಿಸಿಕೊಳ್ಳೋಣ. ಅದಕ್ಕೆ ಬೇಕಾದ ತಾಳ್ಮೆಯನ್ನೂ ಪ್ರೀತಿಯನ್ನೂ ಸಂತ ಫ್ರಾನ್ಸಿಸ್ ಝೇವಿಯರ್‌ರವರ ಬಿನ್ನಹದ ಮೂಲಕ ಪ್ರಭು ನಮಗೆ ದಯಪಾಲಿಸಲಿ. ಆಮೆನ್.