ಚಿನ್ನದ ಬಣ್ಣ ಮತ್ತು ಮರೆತುಹೋದ ಒಂದು ಹೆಸರು

ಬೆಳ್ಳಿ ಬಿಳಿ, ಚಿನ್ನ ಹಳದಿ. ಯಾಕೆ? ಆವರ್ತ ಕೋಷ್ಟಕದಲ್ಲಿ ಚಿನ್ನ ಇರೋದು ಬೆಳ್ಳಿಯ ಕೆಳಗಿನ ಮನೆಯಲ್ಲೇ. ಒಂದೇ ಮನೆತನ, ಬಣ್ಣ ಮಾತ್ರ ಬೇರೆ! ಇದರ ಉತ್ತರ ಐನ್‌ಸ್ಟೈನ್ ಅವರ ಸಾಪೇಕ್ಷತೆಯಲ್ಲಿದೆ ಅಂತ ಓದಿದಾಗ ನನಗೆ ಅಚ್ಚರಿಯಾಗಿತ್ತು. ಅದರ ಹಿಂದಿನ ಕಥೆ ಇನ್ನೂ ಸ್ವಾರಸ್ಯ.

1928ರಲ್ಲಿ ಪಾಲ್ ಡಿರಾಕ್ ಕ್ವಾಂಟಂ ಸಿದ್ಧಾಂತವನ್ನೂ ಸಾಪೇಕ್ಷತೆಯನ್ನೂ ಬೆಸೆದು ಎಲೆಕ್ಟ್ರಾನಿನ ಸಮೀಕರಣ ಬರೆದರು. ಮರುವರ್ಷ ಅವರೇ ಇನ್ನೊಂದು ಪ್ರಬಂಧದಲ್ಲಿ, ಪರಮಾಣು-ಅಣುಗಳ ರಚನೆಗೆ, ಮಾಮೂಲಿ ರಾಸಾಯನಿಕ ಕ್ರಿಯೆಗಳಿಗೆ ಸಾಪೇಕ್ಷತೆ ಮುಖ್ಯವಲ್ಲ ಅಂದುಬಿಟ್ಟರು. ಹಗುರ ಪರಮಾಣುಗಳ ಮಟ್ಟಿಗೆ ಆ ಮಾತು ಹೆಚ್ಚುಕಡಿಮೆ ಸರಿ. ಭಾರದವಕ್ಕೆ?

ಪರಮಾಣು ಸಂಖ್ಯೆಯನ್ನು 137ರಿಂದ ಭಾಗಿಸಿ ನೋಡಿ. ತೀರಾ ಒಳಗಿನ ಎಲೆಕ್ಟ್ರಾನು ಬೆಳಕಿನ ವೇಗದ ಎಷ್ಟು ಪಾಲಿನಲ್ಲಿ ಓಡುತ್ತದೆ ಅನ್ನೋ ಅಂದಾಜು ಸಿಗುತ್ತದೆ. ಚಿನ್ನಕ್ಕೆ 79/137, ಅಂದರೆ ಸುಮಾರು ಶೇಕಡಾ 58! ಇಷ್ಟು ವೇಗದಲ್ಲಿ ಸಾಪೇಕ್ಷತೆ ಸುಮ್ಮನಿರೋದಿಲ್ಲ. ಚಿನ್ನದ ಹೊರಗಿನ 6ಎಸ್ ಕಕ್ಷೆಯೂ ಕುಗ್ಗಿ ಕೆಳಗಿಳಿಯುತ್ತದೆ, 5ಡಿ ಹಿಗ್ಗಿ ಮೇಲೇಳುತ್ತದೆ. ಇವೆರಡರ ನಡುವಿನ ಅಂತರ ಕಿರಿದಾಗಿ ಚಿನ್ನ ನೀಲಿ ಬೆಳಕನ್ನು ಹೀರುತ್ತದೆ, ನಮ್ಮ ಕಣ್ಣಿಗೆ ಹಳದಿ ಉಳಿಯುತ್ತದೆ. ಬೆಳ್ಳಿಯಲ್ಲಿ ಈ ಅಂತರ ದೊಡ್ಡದು. ಅದು ಹೀರೋದು ಕಣ್ಣಿಗೆ ಕಾಣದ ಅತಿನೇರಳೆಯನ್ನು.

ಡಿರಾಕ್ ಸಮೀಕರಣವನ್ನು ಹಲವು ಎಲೆಕ್ಟ್ರಾನುಗಳ ಪರಮಾಣುಗಳಿಗೆ ಹೊಂದಿಸಿದ್ದು ಬರ್ತಾ ಸ್ವರ್ಲ್ಸ್ ಎಂಬ ಇಂಗ್ಲಿಷ್ ಮಹಿಳೆ, 1935ರಲ್ಲಿ. ಆಗ ಕಂಪ್ಯೂಟರ್ ಎಲ್ಲಿತ್ತು? ಸಮೀಕರಣ ಸಿಕ್ಕರೂ ಬಿಡಿಸೋದು ಹರಸಾಹಸ. 1940ರಲ್ಲಿ ವಿಲಿಯಮ್ಸ್ ತಾಮ್ರದ ಅಯಾನಿಗೆ, 1957ರಲ್ಲಿ ಮೇಯರ್ಸ್ ಪಾದರಸಕ್ಕೆ ಲೆಕ್ಕ ಮಾಡಿದರು. 1961ರಲ್ಲಿ ಇಯಾನ್ ಗ್ರಾಂಟ್ ಇಡೀ ವಿಧಾನವನ್ನು ಓರಣಗೊಳಿಸಿದರು. 1973ರಲ್ಲಿ ಡೆಕ್ಲೋ 1ರಿಂದ 120ರವರೆಗಿನ ಪರಮಾಣುಗಳಿಗೆ ಕೋಷ್ಟಕವನ್ನೇ ಪ್ರಕಟಿಸಿದರು. 1979ರಲ್ಲಿ ಪ್ಯೂಕ್ಕೊ ಮತ್ತು ಡೆಕ್ಲೋ, ಚಿನ್ನದ ಹಳದಿಯೂ ಸೇರಿ, ಆವರ್ತ ಕೋಷ್ಟಕದಲ್ಲಿ ಸಾಪೇಕ್ಷತೆಯ ಕೈವಾಡವನ್ನು ರಸಾಯನಶಾಸ್ತ್ರಜ್ಞರ ಮುಂದಿಟ್ಟರು. 2011ರ ಒಂದು ಲೆಕ್ಕದ ಪ್ರಕಾರ, ಕಾರಿನ ಸೀಸದ ಬ್ಯಾಟರಿಯ 12 ವೋಲ್ಟಿನಲ್ಲಿ ಸುಮಾರು 10 ಸಾಪೇಕ್ಷತೆಯ ಕೊಡುಗೆ. ಮುಖ್ಯವಲ್ಲವಂತೆ!

ಈ ಲೆಕ್ಕದ ವಿಧಾನಕ್ಕೆ ಇವತ್ತಿನ ಹೆಸರು 'ಡಿರಾಕ್-ಫಾಕ್'. ಮೂಲ ಸಮೀಕರಣ ಡಿರಾಕ್ ಅವರದ್ದೇ, ಆ ಗೌರವ ಸಲ್ಲಲೇಬೇಕು. ಆದರೂ ನನಗೊಂದು ಕಸಿವಿಸಿ: ಪರಮಾಣು ರಚನೆಗೆ ಇದು ಬೇಕಿಲ್ಲ ಅಂದವರ ಹೆಸರು ಹಣೆಪಟ್ಟಿಯಲ್ಲಿದೆ, ಬೇಕು ಅಂತ ಕೂತು ಬರೆದವರ ಹೆಸರಿಲ್ಲ. ಸ್ವರ್ಲ್ಸ್ 1999ರಲ್ಲಿ ತೀರಿಕೊಂಡರು. ನೀವೇನಂತೀರಿ?