ಉದ್ದ ಕಾವು, ಗಿಡ್ಡ ಕಾವು

ನಮ್ಮ ಅವ್ವನ ಬೆನ್ನು ಹೇಗೆ ಬಾಗಿತೆಂದು ನಾನು ಯೋಚಿಸಿದ್ದು ಅರವತ್ತು ದಾಟಿದ ಮೇಲೆ, ಅದೂ ಅಮೆರಿಕದಲ್ಲಿ ಕುಳಿತು.

ಮಗಳ ಮನೆ ಸ್ಯಾನ್ ಹೋಸೆಯಲ್ಲಿ. ಹಿತ್ತಲಲ್ಲಿ ಮೆಂತ್ಯ, ಬದನೆ ಹಚ್ಚೋಣವೆಂದು ಅಳಿಯ ನನ್ನನ್ನು ಅಂಗಡಿಗೆ ಕರೆದೊಯ್ದ. ನಾಲ್ಕು ಹಲ್ಲಿನ, ಉದ್ದ ಕಾವಿನ ಫೋರ್ಕುಗಳು ಅಲ್ಲಿ ಸಾಲಾಗಿ ನಿಂತಿದ್ದವು. ನಮ್ಮ ಗುದ್ದಲಿ ಎತ್ತಿ ಹೊಡೆಯುವಂಥದು. ಇದು ಬೂಟುಗಾಲಿನಿಂದ ತುಳಿದು, ಮೀಟಿ, ಮಣ್ಣೆಬ್ಬಿಸುವಂಥದು. ಬರಿಗಾಲಿನವರಿಗೆ ಹೇಳಿದ್ದಲ್ಲ. ಆದರೆ ಆರಿಸುವುದರಲ್ಲಿ ನಾನು ಹಳ್ಳಿಯವನೇ ನೋಡಿ. ಮರದ ಎಳೆ ಕಾವಿನ ಉದ್ದಕ್ಕೂ ನೆಟ್ಟಗೆ ಓಡಿದೆಯೇ, ನಡುವೆ ಗಂಟಿದೆಯೇ, ಹಲ್ಲುಗಳು ಒಂದೇ ಉಕ್ಕಿನಿಂದ ಬಡಿದವೋ ಬೆಸುಗೆ ಹಾಕಿದವೋ ಎಂದು ಒಂದೊಂದನ್ನೂ ತಿರುವಿ ನೋಡಿದೆ. ಕೊನೆಗೆ ಸಿಕ್ಕದ್ದು ಆಶ್ ಮರದ್ದು, ನಿಲ್ಲಿಸಿದರೆ ನನ್ನ ಎದೆಮಟ್ಟ. ಮೂರು ದಿನ ಅಗೆದೆ, ಸೊಂಟ ನೋಯಲಿಲ್ಲ. ಆಗ ಅವ್ವ ನೆನಪಾದಳು. ಆಕೆಯ ಕುರ್ಚಿಗಿಗೆ ಇದ್ದದ್ದು ಗೇಣುದ್ದದ ಹಿಡಿ.

ಅಲ್ಲಿಂದ ದಕ್ಷಿಣಕ್ಕೆ ಹೋದರೆ ಸಲಿನಾಸ್ ಕಣಿವೆ, ಕಣ್ಣು ಹಾಯುವವರೆಗೂ ಲೆಟ್ಯೂಸ್ ಸೊಪ್ಪು. ಈ ಹೊಲಗಳಲ್ಲಿ ಮೆಕ್ಸಿಕೋ ಮೂಲದ ಕೂಲಿಗಳು ದಶಕಗಳ ಕಾಲ ಒಂದೆರಡಡಿ ಕಾವಿನ ಗುದ್ದಲಿ ಹಿಡಿದು, ದಿನವಿಡೀ ಸೊಂಟ ಬಗ್ಗಿಸಿಯೇ ಪೈರು ತೆಳುವು ಮಾಡಿದರು. ಅದಕ್ಕೆ ಅವರಿಟ್ಟ ಹೆಸರು ‘ಎಲ್ ಕೊರ್ತಿತೊ’, ಅಂದರೆ ಗಿಡ್ಡನೆಯದು. ಗಿಡ್ಡ ಕಾವಿದ್ದರೆ ಪೈರಿಗೆ ಪೆಟ್ಟಾಗದು ಎಂಬುದು ಧಣಿಗಳ ವಾದ. ಇನ್ನೊಂದು ಅನುಕೂಲವನ್ನು ಅವರು ಅಷ್ಟಾಗಿ ಹೇಳುತ್ತಿರಲಿಲ್ಲ: ಬೆನ್ನು ನೆಟ್ಟಗೆ ಮಾಡಿದವನು ಕೆಲಸ ನಿಲ್ಲಿಸಿದ್ದಾನೆಂದು ಮೇಸ್ತ್ರಿಗೆ ದೂರದಿಂದಲೇ ಕಾಣುತ್ತಿತ್ತು. ಕೂಲಿಗಳ ನಾಯಕನಾಗಿ ಹೆಸರಾದ ಸೀಸರ್ ಚಾವೆಜ್ ಕೂಡ ಅದನ್ನು ಹಿಡಿದು ದುಡಿದವನೇ. ಬೆನ್ನುನೋವು ಆತನನ್ನು ಬಿಡಲಿಲ್ಲ.

1970ರ ದಶಕದ ಆರಂಭದಲ್ಲಿ ಮಾರಿಸ್ ಜೋರ್ಡೇನ್ ಎಂಬ ವಕೀಲ ಕೂಲಿಗಳ ಪರ ನಿಂತ. ವೈದ್ಯರು ಬೆನ್ನುಮೂಳೆಯ ಹಾನಿಯ ಬಗ್ಗೆ ಸಾಕ್ಷಿ ನುಡಿದರು. ಸರಕಾರಿ ಇಲಾಖೆಯ ಉತ್ತರ ಕೇಳಿ: ‘ಅಪಾಯಕಾರಿ ಉಪಕರಣ’ ಎಂದರೆ ಮುರಿದದ್ದು, ಕೆಟ್ಟದ್ದು, ಈ ಗುದ್ದಲಿಯಲ್ಲಿ ದೋಷವೇನೂ ಇಲ್ಲ! ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯ 1975ರ ಜನವರಿಯಲ್ಲಿ ಇದನ್ನು ಒಪ್ಪಲಿಲ್ಲ. ಸುಸ್ಥಿತಿಯಲ್ಲಿದ್ದರೂ, ಬಳಸುವ ರೀತಿಯಿಂದಲೇ ಉಪಕರಣ ಅಪಾಯಕಾರಿಯಾಗಬಹುದು ಎಂದಿತು. ಅದೇ ವರ್ಷ ಗಿಡ್ಡ ಗುದ್ದಲಿಗೆ ನಿಷೇಧ ಬಂತು. ಲೆಟ್ಯೂಸ್ ಬೇಸಾಯವೇನೂ ಮುಳುಗಲಿಲ್ಲ. ಆದರೆ ಗುದ್ದಲಿ ಹೋದರೂ ಬಗ್ಗುವುದು ಹೋಗಲಿಲ್ಲ. ಎಷ್ಟೋ ಕಡೆ ಬರಿಗೈಯಿಂದ ಕಳೆ ಕೀಳಿಸತೊಡಗಿದರು. ಅದಕ್ಕೆ ಕಡಿವಾಣ ಹಾಕುವ ನಿಯಮ ಬರಲು 2004 ಆಗಬೇಕಾಯಿತು.

ಊರಿಗೆ ಮರಳಿದವನೇ ಕುಲುಮೆಗೆ ಹೋಗಿ, ಕಳೆ ತೆಗೆಯುವ ಅಲಗಿಗೆ ಎದೆಮಟ್ಟದ ಕಾವು ಹಾಕಿಸಿದೆ. ಮರ ದಿಂಡಿಗದ್ದು. ಅವ್ವನಿಗೆ ತೋರಿಸಿದರೆ ನಕ್ಕಳು.

“ನಿಂತು ನೋಡಿದ್ರ ಕಸಾ ಯಾವುದು, ಮೆಣಸಿನಗಿಡಾ ಯಾವುದು ಕಾಣತೈತೇನೋ ತಮ್ಮಾ?”

ಸಲಿನಾಸಿನ ಧಣಿಗಳ ವಾದ, ನಮ್ಮ ಅವ್ವನ ಬಾಯಲ್ಲಿ! ಸುಮ್ಮನಾದೆ. ಅರ್ಧ ಸತ್ಯವೂ ಇತ್ತೆನ್ನಿ. ಕಳೆ ತೆಗೆಯಲು ಬರುವ ಹೆಣ್ಣುಮಕ್ಕಳು ಅಗಲ ಸಾಲಿನ ಹತ್ತಿಯಲ್ಲಿ ಅದನ್ನು ಪಾಳಿ ಹಚ್ಚಿ ಬಳಸಿದರು, ಇನ್ನೆರಡು ಮಾಡಿಸಿರೆಂದು ಕೇಳಿದರು. ಎಳೆಯ ಮೆಣಸಿನ ಮಡಿಯಲ್ಲಿ ಮಾತ್ರ ಮತ್ತೆ ಕುರ್ಚಿಗಿ ಹಿಡಿದು ಕುಕ್ಕರುಗಾಲಲ್ಲಿ ಕೂತರು.

ಮೊದಲ ಬೇಸಿಗೆಗೇ ಮರ ಒಣಗಿ ಅಲಗು ಅಲ್ಲಾಡತೊಡಗಿತು. ನೀರಲ್ಲಿ ನೆನೆಸಿದರೆ ಒಂದು ದಿನ ಬಿಗಿ, ಮರುದಿನ ಮತ್ತೆ ಸಡಿಲ. ಈಗ ಬೆಣೆ ಬಡಿದು, ವರ್ಷಕ್ಕೆರಡು ಸಲ ಅಗಸೆ ಎಣ್ಣೆ ಸವರುತ್ತೇನೆ. ಅವ್ವ ಕಟ್ಟೆಯ ಮೇಲೆ ಕೂತು, ಎಲ್ಲಿ ಎಣ್ಣೆ ಹತ್ತಿಲ್ಲವೆಂದು ಬೆರಳು ಮಾಡಿ ತೋರಿಸುತ್ತಾಳೆ.