ಬೀರು ಮೇಲೆ ಕೂತಿದ್ದ ಸಿಪ್ಯಾಪ್

ಇವತ್ತಿನ ಸಂಚಿಕೆ ನಮ್ಮ ಮನೆ ಬೀರುವಿನ ಮೇಲಿಂದ ಶುರುವಾಗುತ್ತೆ. ಅಲ್ಲಿ ನಾಲ್ಕು ತಿಂಗಳು ಒಂದು ಯಂತ್ರ ಧೂಳು ಹಿಡಿದು ಕೂತಿತ್ತು. ಹೆಸರು ಸಿಪ್ಯಾಪ್. ಅಪ್ಪನಿಗೆ ಸ್ಲೀಪ್ ಆಪ್ನಿಯಾ ಇದೆ ಅಂತ ಗೊತ್ತಾದಾಗ ಡಾಕ್ಟರ್ ಬರೆದುಕೊಟ್ಟಿದ್ದು. ನಾಲ್ಕು ರಾತ್ರಿ ಹಾಕ್ಕೊಂಡ್ರು. ಐದನೇ ರಾತ್ರಿ "ಇದು ನನ್ನ ಕೈಲಾಗಲ್ಲ ಮಗಾ" ಅಂತ ಕಿತ್ತಿಟ್ಟರು. ನಾನು ರೇಗಿದೆ. "ಅಷ್ಟು ದುಡ್ಡು ಕೊಟ್ಟು ತಂದಿದ್ದೀವಿ, ಮೂಗಿಗೆ ಒಂದು ಮಾಸ್ಕ್ ಹಾಕ್ಕೊಳ್ಳೋಕೆ ಏನು ಕಷ್ಟ?" ಅಂದೆ. ಆಮೇಲೆ ಈ ಯಂತ್ರದ ಚರಿತ್ರೆ ಓದಿದೆ. ಹಾಗೆ ಅಂದಿದ್ದಕ್ಕೆ ನಾಚಿಕೆಯಾಯ್ತು.

ಮೊದಲು ಕಾಯಿಲೆ ಏನು ಅಂತ ನೋಡೋಣ. ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಾಗಿ ಉಸಿರಿನ ದಾರಿ ಮುಚ್ಚಿಕೊಳ್ಳುತ್ತೆ. ಜೋರಾಗಿ ಗೊರಕೆ ಹೊಡೀತಿದ್ದವರು ಇದ್ದಕ್ಕಿದ್ದಂತೆ ಸುಮ್ಮನಾಗ್ತಾರೆ. ಹತ್ತು ಸೆಕೆಂಡೋ, ಇನ್ನೂ ಹೆಚ್ಚೋ, ಉಸಿರೇ ಇರಲ್ಲ. ಆಮೇಲೆ ಮಿದುಳು ತಟ್ಟಿ ಎಬ್ಬಿಸುತ್ತೆ. ಕಾಯಿಲೆ ಜೋರಾಗಿದ್ದರೆ ಒಂದೇ ರಾತ್ರಿಯಲ್ಲಿ ನೂರಾರು ಸಲ ಹೀಗಾಗಬಹುದು. ಬೆಳಿಗ್ಗೆ ಅವರಿಗೆ ಏನೂ ನೆನಪಿರಲ್ಲ. ಆದರೆ ಬಿಪಿ ಏರುತ್ತೆ, ಹಗಲು ಗಾಡಿ ಓಡಿಸುವಾಗ ಕಣ್ಣು ಮುಚ್ಚಿಹೋಗುತ್ತೆ.

1970ರ ದಶಕದಲ್ಲಿ ಇದಕ್ಕಿದ್ದ ಖಚಿತ ಚಿಕಿತ್ಸೆ ಅಂದ್ರೆ ಟ್ರೇಕಿಯೋಸ್ಟಮಿ. ಕತ್ತಿನ ಮುಂಭಾಗದಲ್ಲಿ ರಂಧ್ರ ಮಾಡಿ, ಅಲ್ಲಿಂದಲೇ ಉಸಿರಾಡಿಸೋದು. ಯಾರು ತಾನೇ ಖುಷಿಯಾಗಿ ಒಪ್ತಾರೆ?

1980ರ ಜೂನ್, ಆಸ್ಟ್ರೇಲಿಯಾದ ಸಿಡ್ನಿ. ಕಟ್ಟಡ ಕೆಲಸ ಮಾಡುತ್ತಿದ್ದ ಒಬ್ಬರಿಗೆ ಆಪ್ನಿಯಾ ವಿಪರೀತವಾಗಿತ್ತು. ಕತ್ತಿಗೆ ರಂಧ್ರ ಮಾಡಿಸಿಕೊಳ್ಳಲು ಅವರಿಗೆ ಮನಸ್ಸಿರಲಿಲ್ಲ. ಡಾಕ್ಟರ್ ಕಾಲಿನ್ ಸಲಿವನ್ ಅವರ ಪ್ರಯೋಗಕ್ಕೆ ಒಪ್ಪಿಕೊಂಡರು. ಮೂಗಿನ ಮೂಲಕ ಮೆಲ್ಲಗೆ ಗಾಳಿ ಒತ್ತಿದರೆ, ಆ ಗಾಳಿಯೇ ಗಂಟಲನ್ನು ತೆರೆದು ಹಿಡಿಯುತ್ತೆ ಅನ್ನೋದು ಸಲಿವನ್ ಅಂದಾಜು. ಒತ್ತಡ ಹೆಚ್ಚಿಸಿದಾಗ ಉಸಿರು ಸರಾಗವಾಯ್ತು, ಇಳಿಸಿದಾಗ ಮತ್ತೆ ಕಟ್ಟಿತು. ಆ ಮನುಷ್ಯ ಸುಮಾರು 7 ಗಂಟೆ ಗಾಢವಾಗಿ ಮಲಗಿದರು. 1981ರಲ್ಲಿ ಐದು ರೋಗಿಗಳ ಈ ಫಲಿತಾಂಶ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು.

ಅಂದ್ರೆ, ಗಾಳಿ ಕೆಲಸ ಮಾಡುತ್ತೆ ಅಂತ ತೋರಿಸೋಕೆ ಒಂದು ರಾತ್ರಿ ಸಾಕಾಯ್ತು. ದಿನಾ ಹಾಕ್ಕೊಳ್ಳೋ ಹಾಗೆ ಮಾಡೋದು ಬೇರೆಯೇ ಕತೆ. ಆರಂಭದ ದಿನಗಳಲ್ಲಿ ಪ್ರತಿಯೊಬ್ಬರ ಮುಖದ ಅಚ್ಚು ತೆಗೆದು ಮಾಸ್ಕ್ ಮಾಡ್ತಿದ್ದರು. ರಾತ್ರಿ ಅದನ್ನು ಅಂಟು ಹಾಕಿ ಮುಖಕ್ಕೆ ಕೂರಿಸಬೇಕು, ಬೆಳಿಗ್ಗೆ ಕೀಳಬೇಕು. ಯಂತ್ರವೋ, ವ್ಯಾಕ್ಯೂಮ್ ಕ್ಲೀನರ್ ಥರ ಸದ್ದು!

ಮುಂದೆ ಮಾಸ್ಕ್ ಮೆತ್ತಗಾಯ್ತು, ಯಂತ್ರ ಚಿಕ್ಕದಾಯ್ತು. ಆದರೂ ಜನ ಬಿಡ್ತಾನೇ ಇದ್ದರು. 1993ರಲ್ಲಿ ಅಮೆರಿಕದ ಸಂಶೋಧಕರು 35 ಜನರ ಯಂತ್ರದೊಳಗೆ, ಅವರಿಗೆ ಗೊತ್ತಾಗದ ಹಾಗೆ, ಬಳಕೆ ಅಳೆಯೋ ಸಾಧನ ಇಟ್ಟರು. ಬಾಯಲ್ಲಿ ಹೇಳಿದ ಲೆಕ್ಕಕ್ಕಿಂತ ನಿಜವಾದ ಬಳಕೆ ಕಡಿಮೆ ಇತ್ತು. 100ಕ್ಕೆ 70 ದಿನವಾದರೂ, ಕನಿಷ್ಠ 4 ಗಂಟೆ ಹಾಕ್ಕೊಂಡವರು 16 ಜನ ಮಾತ್ರ. ಅಮೆರಿಕದ ಸರ್ಕಾರಿ ವಿಮೆ ಮೆಡಿಕೇರ್ ಮುಂದೆ ಇಂಥದ್ದೇ ಅಳತೆಯನ್ನು ನಿಯಮ ಮಾಡಿಕೊಳ್ತು. 1997ರ ಇನ್ನೊಂದು ಅಧ್ಯಯನದಲ್ಲಿ, ಯಾರು ನಿತ್ಯ ಬಳಸ್ತಾರೆ, ಯಾರು ತಪ್ಪಿಸ್ತಾರೆ ಅನ್ನೋದು ಮೊದಲ ವಾರದಲ್ಲೇ ಕಾಣಿಸಿಕೊಳ್ತು. ನಮ್ಮಪ್ಪ ಸೋತಿದ್ದು ಸರಿಯಾಗಿ ಅಲ್ಲೇ.

ಹಾಗಾದ್ರೆ ದಾರಿ ಏನು? 2007ರಲ್ಲಿ ಉತ್ತರ ಬಂದಿದ್ದು ಅದೇ ಸಿಡ್ನಿಯಿಂದ. 100 ಜನರಲ್ಲಿ ಅರ್ಧ ಜನರಿಗೆ ಮಾಮೂಲಿ ಚಿಕಿತ್ಸೆ. ಉಳಿದರ್ಧಕ್ಕೆ ಅದರ ಜೊತೆ ಒಂದೊಂದು ಗಂಟೆಯ ಎರಡು ಗುಂಪು ಮಾತುಕತೆ. ಭಯ ಏನು, ಅನುಮಾನ ಏನು ಅಂತ ಬಿಚ್ಚಿ ಮಾತಾಡಿದರು. ಮನೆಯವರಿಗೂ ಅಲ್ಲಿ ಜಾಗ ಇತ್ತು. 28 ದಿನ ಕಳೆದಾಗ ಈ ಗುಂಪಿನವರು ರಾತ್ರಿಗೆ ಸರಾಸರಿ ಸುಮಾರು 3 ಗಂಟೆ ಹೆಚ್ಚು ಬಳಸ್ತಿದ್ದರು. ಯಂತ್ರ ಬದಲಾಗಿರಲಿಲ್ಲ. ಜೊತೆಗೆ ಕೂತು ಕೇಳೋರು ಇದ್ದರು, ಅಷ್ಟೇ.

ಇದನ್ನು ಓದಿದ ಮೇಲೆ ನಾನು ಮೊದಲ ಸಲ ಅಪ್ಪನನ್ನು ಕೇಳಿದೆ: "ಏನಾಗುತ್ತೆ ಅಪ್ಪಾ, ಹಾಕ್ಕೊಂಡ್ರೆ?" ಮೂಗು ಒಣಗುತ್ತೆ, ಗಾಳಿ ಸೋರಿ ಕಣ್ಣಿಗೆ ಹೊಡೆಯುತ್ತೆ, ಉಸಿರು ಕಟ್ಟಿದ ಹಾಗೆ ಗಾಬರಿ ಅಂದ್ರು. ಮೂರಕ್ಕೂ ಪರಿಹಾರ ಇತ್ತು. ಡಾಕ್ಟರ್ ಹತ್ತಿರ ಮತ್ತೆ ಹೋದ್ವಿ. ಮಾಸ್ಕ್ ಅಳತೆ ಬದಲಾಯ್ತು, ಗಾಳಿಗೆ ತೇವ ಕೊಡೋ ಹ್ಯುಮಿಡಿಫೈಯರ್ ಸೇರಿತು. ಗಾಬರಿ ಹೋಗಲಿ ಅಂತ ಸಂಜೆ ಟಿವಿ ನೋಡ್ತಾ ಅರ್ಧ ಗಂಟೆ ಮಾಸ್ಕ್ ಅಭ್ಯಾಸ. ಪಕ್ಕದಲ್ಲಿ ನಾನೂ ಕೂತಿರ್ತಿದ್ದೆ.

ಈಗಲೂ ಕೆಲವು ರಾತ್ರಿ ಕಿತ್ತಿಡ್ತಾರೆ. ಬೆಳಿಗ್ಗೆ ನಾನು ರೇಗಲ್ಲ, ಎಲ್ಲಿ ತೊಂದರೆ ಆಯ್ತು ಅಂತ ಕೇಳ್ತೀನಿ. ನಿಮ್ಮ ಮನೆ ಬೀರು ಮೇಲೂ ಇಂಥದ್ದೊಂದು ಡಬ್ಬ ಇದ್ದರೆ, ಇವತ್ತು ಕೆಳಗಿಳಿಸಿ. ಬೈಯೋಕೆ ಮುಂಚೆ ಒಂದು ಸಲ ಕೇಳಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.